ಎಷ್ಟಿದ್ದರೆ ಸಾಕು

"ಕಮ್ಮಿಯೆಂದರೆ ಎಷ್ಟು?" ಕೇಳಿದ ಬೊಯಾಜಿಯನ್,
ಕೋಟಿನ ಜೇಬಿನಿಂದ ಕೈ ತೆಗೆಯದೆ.
ವೂಸ್ಟರಿನ ಫೆಬ್ರುವರಿ. ಮೂರಂತಸ್ತಿನ ಮರದ ಮನೆ.
ಮೇಲಿನ ಮಹಡಿಯನ್ನು ನಡುವೆ ಸೀಳಿ
ಎರಡು ಮನೆ ಮಾಡುತ್ತಿದ್ದಾನೆ ಮುದುಕ,
ಬಾಡಿಗೆಯೂ ಎರಡು.

ನಾನು ಏಣಿಯ ಮೇಲೆ, ತುಟಿಯ ನಡುವೆ ಸ್ಕ್ರೂ.
ತೆಗೆದು ಹೇಳಿದೆ:
ಅಡುಗೆ ಕಟ್ಟೆಗೆ ಇಪ್ಪತ್ತು ಆಂಪಿಯರಿನ ಸರ್ಕ್ಯೂಟು ಎರಡು.
ಬಚ್ಚಲಿಗೆ ಒಂದು, ಅದೂ ಇಪ್ಪತ್ತರದೇ.
ದೀಪಕ್ಕೂ ಕೋಣೆಯ ಪ್ಲಗ್ಗಿಗೂ ಚದರಡಿಗೆ ಮೂರು ವ್ಯಾಟು;
ನಾನೂರ ಇಪ್ಪತ್ತಡಿಯ ಈ ಗೂಡಿಗೆ
ಹದಿನೈದರದು ಒಂದೇ ಸಾಕು.
ಒಗೆಯುವ ಯಂತ್ರ ನೆಲಮಾಳಿಗೆಯಲ್ಲಿದೆ, ಲೆಕ್ಕಕ್ಕಿಲ್ಲ.
ಒಲೆ ಗ್ಯಾಸಿನದು.
ಒಟ್ಟು ನಾಲ್ಕು.

"ನಾಲ್ಕು," ಎಂದ,
ಮೀನಿನ ತೂಕ ಒಪ್ಪಿಕೊಂಡವನ ಹಾಗೆ.
"ನಾಲ್ಕೇ ಇರಲಿ ಮಿಮೋಜಾ. ಐದು ಬೇಡ."

ಗೋಡೆಯಾಚೆ, ಮೊದಲೇ ಮುಗಿದ ಅರ್ಧದಲ್ಲಿ, ದುಫಿಯೆ.
ಕುಮಾಸಿಯವಳು. ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ.
ಅವಳಿಗೂ ನಾಲ್ಕೇ, ಬೇರೆ ಯಾರೋ ಎಳೆದದ್ದು,
ತಪ್ಪಿಲ್ಲದ ಕೆಲಸ.
ಆದರೂ ಸಂಜೆ ಆರಕ್ಕೆ
ಹೀಟರು ಉರಿಯುತ್ತಿರುವಾಗ
ಸಮವಸ್ತ್ರಕ್ಕೆ ಇಸ್ತ್ರಿ ಹಾಕಿದರೆ, ಟಪ್!
"ಬೆಚ್ಚಗಿರುತ್ತೀಯೋ, ನೀಟಾಗಿ ಹೋಗುತ್ತೀಯೋ
ಅಂತ ದಿನಾ ಕೇಳುತ್ತದೆ ಈ ಮನೆ," ನಗುತ್ತಾಳೆ.
ಎಂಟು ವರ್ಷದ ಯಾವ್ ಕತ್ತಲಲ್ಲೇ ಓಡುತ್ತಾನೆ:
ಎಡಸಾಲು, ಮೇಲಿನಿಂದ ಎರಡನೆಯದು.
ಟಾರ್ಚು ಬೇಡ ಅವನಿಗೆ,
ಬಾಯಿಪಾಠ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ಹಾಸಿಗೆ ಹೊಲಿಯುವವರು
ಕಾಲನ್ನೂ ಒಮ್ಮೆ ನೋಡಿದ್ದರೆ!

ಹಳೆಯ ಪೆಟ್ಟಿಗೆ ಹಿಂದಿನ ಮೆಟ್ಟಿಲ ಬದಿಯಲ್ಲಿ,
ಏಳೆಂಟು ಸಲ ಬಣ್ಣ ಬಳಿದು ಅಂಟಿದ ಬಾಗಿಲು.
ಉಳಿಯಿಂದ ಎಬ್ಬಿದೆ. ಗಾಜಿನ ಫ್ಯೂಸು ನಾಲ್ಕು.
ಮೂರನೆಯದನ್ನು ತಿರುವಿದರೆ
ಅಂಗೈಗೆ ಬಿತ್ತು ಒಂದು ಪೆನ್ನಿ,
ಐವತ್ತೆಂಟನೆಯ ಇಸವಿಯದು, ಸುಟ್ಟು ಕಪ್ಪು.
ಸತ್ತ ಫ್ಯೂಸಿನ ಬೆನ್ನಿಗೆ
ಯಾರೋ ಒಂದು ರಾತ್ರಿ ನಾಣ್ಯ ಕೊಟ್ಟು
ಬೆಳಕು ತಿರುಗಿ ಪಡೆದು ಮಲಗಿದ್ದರು,
ಗೋಡೆಯೊಳಗೆ ತಂತಿ ಕಾಯುತ್ತಿದ್ದರೂ.

ಬೈಯಬೇಕಿತ್ತು. ನನಗೆ ಕೆಲಸ ಕಲಿಸಿದವನಾಗಿದ್ದರೆ
ಇಡೀ ಮನೆಗೆ ಕೇಳುವಂತೆ ಬೈಯುತ್ತಿದ್ದ.
ನನಗೆ ಬಾಯಿ ಬರಲಿಲ್ಲ.

ಕೊರ್ಚಾ ಊರಲ್ಲಿ, ತೊಂಬತ್ತೇಳರ ಚಳಿಗೆ,
ಅಪ್ಪ ಬೀದಿ ಕಂಬಕ್ಕೆ ಕೊಕ್ಕೆ ಎಸೆದು
ಕಿಟಕಿಯ ಸಂದಿಯಿಂದ ಒಳಗೆ ಎಳೆದಿದ್ದ
ಒಂದೇ ಒಂದು ತಂತಿ.
ಅದರಲ್ಲೇ ಬಲ್ಬು, ಅದರಲ್ಲೇ ಸುರುಳಿ ಒಲೆ.
ಅಮ್ಮ ಒಲೆ ಹಚ್ಚಿದರೆ ಬಲ್ಬು ಕೆಂಪಗೆ ಕುಗ್ಗಿ
ನನ್ನ ಲೆಕ್ಕದ ಪುಸ್ತಕ ಅಳಿಸಿಹೋಗುತ್ತಿತ್ತು.
ಬೀನ್ಸ್ ಬೇಯುವ ತನಕ ಭಾಗಾಕಾರ ನಿಲ್ಲಬೇಕು.
ಬೀನ್ಸ್ ಬೇಯುವುದು ಎಷ್ಟು ನಿಧಾನ
ಎಂದು ಗೊತ್ತಲ್ಲ.

ಸಂಜೆ ಬಿಲ್ಲಿನ ಮೇಲೆ ಆ ಪೆನ್ನಿ ಇಟ್ಟುಕೊಟ್ಟೆ.
ಬೊಯಾಜಿಯನ್ ಕನ್ನಡಕ ಏರಿಸಿದ,
ತಿರುಗಿಸಿದ, ಉಗುರಿನಿಂದ ಕೆರೆದ.
"ಅಪ್ಪನದು," ಎಂದ.
"ತಂಗಿಗೆ ಎದೆಗಫ. ಒಂದೇ ಹೀಟರು.
ಆ ಕೋಣೆಯಲ್ಲಿ ಐದು ಜನ ನಾವು."
ಯಾವ ಕೋಣೆ ಎಂದು ತೋರಿಸಲಿಲ್ಲ.
ನಾನು ಹೊಸ ಗೋಡೆ ಎತ್ತಿ
ಅರ್ಧ ಮಾಡಿದ ಕೋಣೆಯೇ ಇರಬೇಕು.

ಪೆನ್ನಿ ಜೇಬಿಗೆ ಹೋಯಿತು. ಅವನು ಮೆಟ್ಟಿಲಿಳಿದ.
ನಡುವೆ ಒಂದು ಕಡೆ ಹೆಜ್ಜೆ ನಿಂತಿತು.
ಕಾದೆ.
ಮತ್ತೆ ಇಳಿಯಿತು.

ಹನ್ನೆರಡು ಮನೆಯ ಹೊಸ ಪೆಟ್ಟಿಗೆ ಕೂರಿಸಿದ್ದೆ;
ಅದಕ್ಕಿಂತ ಸಣ್ಣದು ಅಂಗಡಿಯಲ್ಲಿರಲಿಲ್ಲ, ಸುಳ್ಳಲ್ಲ.
ನಾಲ್ಕು ಬ್ರೇಕರು, ಎಂಟು ಖಾಲಿ ಮುಚ್ಚಳ.
ಇನ್‌ಸ್ಪೆಕ್ಟರ್ ಬಂದ, ಎಣಿಸಿದ, ಸಹಿ ಹಾಕಿದ.

ಬಾಗಿಲ ಸಂದಿಯಿಂದ ಯಾವ್ ನುಸುಳಿ ಬಂದ.
"ನಮ್ಮದಕ್ಕಿಂತ ದೊಡ್ಡದು," ಎಂದ.
ಬ್ರೇಕರುಗಳನ್ನು ಮುಟ್ಟಲಿಲ್ಲ, ಅವು ಅವನಿಗೆ ಗೊತ್ತು.
ಖಾಲಿ ಮುಚ್ಚಳಗಳನ್ನು ಒಂದೊಂದಾಗಿ
ಹೆಬ್ಬೆರಳಿನಿಂದ ಒತ್ತಿ ನೋಡಿದ,
ಯಾವುದಾದರೂ ಅಲುಗುತ್ತದೋ ಎಂದು.